ಇದು ಕೀಲಲ್ಲ ಸಾರ್

೧೯೭೬ರ ಮಾರ್ಚ್ ತಿಂಗಳ ಕೊನೆಯ ಶನಿವಾರ, ಬೆಳಗ್ಗೆ ಎಂಟು ಗಂಟೆ. ಚಿತ್ರದುರ್ಗದ ಆಸ್ಪತ್ರೆಯ ಕೀಲುರೋಗದ ಕೋಣೆಯಲ್ಲಿ ಇದ್ದವರು ಮೂವರು: ನಾನು, ನನ್ನ ಕೈಕೆಳಗೆ ಫೆಲೋಶಿಪ್ ಮಾಡುತ್ತಿದ್ದ ಯುವ ವೈದ್ಯೆ, ಯಲ್ಲದಕೆರೆ ಕಡೆಯಿಂದ ಬಂದಿದ್ದ ಒಬ್ಬ ಕುರಿಗಾಹಿ.

ವೈದ್ಯೆಯ ಒಂದು ವರ್ಷದ ತರಬೇತಿ ಅಂದಿಗೆ ಮುಗಿಯಬೇಕು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅವರಿಗೆ ಕೆಲಸ ಕಾದಿತ್ತು. ಒಬ್ಬರೇ ರೋಗಿಗಳನ್ನು ನೋಡಬಲ್ಲರೆಂದು ನಾನು ಬರೆದುಕೊಟ್ಟರೆ ಹೋಗಬಹುದು. ಸಾಲದೆನಿಸಿದರೆ ಇನ್ನಾರು ತಿಂಗಳು ಇಟ್ಟುಕೊಳ್ಳುವ ಅಧಿಕಾರ ನನಗಿತ್ತು. ಇಟ್ಟುಕೊಳ್ಳುವ ಆಸೆಯೂ ಇತ್ತು. ಅವರು ಬರುವ ಮೊದಲು ಕೀಲುಗಳ ಬಗ್ಗೆ ಮಾತಾಡಲು ನನಗೆ ಈ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಬೇರೆ ವೈದ್ಯರು ಎಲ್ಲ ನೋವಿಗೂ ವಾಯು ಎಂದು ಹೆಸರಿಟ್ಟು ನನ್ನತ್ತ ಕಳಿಸಿ ಮರೆಯುತ್ತಿದ್ದರು. ಆ ವರ್ಷ ಮಾತ್ರ ಹೊಸದುರ್ಗದ ಶಿಬಿರ ಮುಗಿಸಿ ಬಸ್ಸಿನಲ್ಲಿ ಬರುವಾಗ, ಯಾರ ಬೆರಳು ಎಷ್ಟು ಮಡಚಿತು ಎಂಬ ಮಾತು ಹೊಳಲ್ಕೆರೆ ದಾಟಿದರೂ ಮುಗಿಯುತ್ತಿರಲಿಲ್ಲ. ಮಾತು ನನ್ನದೇ ಹೆಚ್ಚು. ಆಕೆ ಹೌದು ಸಾರ್ ಎನ್ನುತ್ತಿದ್ದರು.

ನನ್ನ ತಕರಾರು ಅದೇ. ಓದು ಚೆನ್ನಾಗಿತ್ತು, ಕೈಯೂ ಪಳಗಿತ್ತು. ಆದರೆ ನಾನು ಹೇಳಿದ್ದಕ್ಕೆಲ್ಲ ಒಪ್ಪುವವರು, ನಾನಿಲ್ಲದ ಊರಿನಲ್ಲಿ ಏನು ಮಾಡಿಯಾರು?

ಕುರಿಗಾಹಿಯ ಬಲ ಮಣಿಕಟ್ಟು ಹೆಬ್ಬೆರಳಿನ ಬುಡದ ಹತ್ತಿರ ಊದಿತ್ತು. ನಾನು ಮೊದಲು ನೋಡಿ, ಕೀಲುವಾತದ ಶುರು, ಮಾತ್ರೆ ಬಹಳ ಕಾಲ ನುಂಗಬೇಕು ಎಂದು ಹೇಳಿ ಆಕೆಗೆ ಜಾಗ ಬಿಟ್ಟೆ. ಆಕೆ ಅವನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳ ಕಡೆಗೆ ಬಗ್ಗಿಸಿದರು. ಅವನು ಹಲ್ಲು ಕಚ್ಚಿದ. ಏನು ಕೆಲಸ ಮಾಡುತ್ತಿದ್ದೀಯ ಎಂದು ಕೇಳಿದರು. ಕುರಿಯ ಉಣ್ಣೆ ಕತ್ತರಿಸುವ ಕಾಲ, ಕತ್ತರಿ ಕೆಳಗಿಟ್ಟಿಲ್ಲ ಎಂದ. ಆಕೆ ಮತ್ತೆ ಒತ್ತಿ ನೋಡಿದರು. ಬಳಿಕ ನನ್ನತ್ತ ತಿರುಗಿದರು.

“ಇದು ಕೀಲಲ್ಲ ಸಾರ್. ಹೆಬ್ಬೆರಳು ಎಳೆಯೋ ಸ್ನಾಯುವಿನ ಹುರಿ ಉಜ್ಜಿ ಊದಿದೆ. ಕೀಲು ಚೆನ್ನಾಗಿದೆ.”

ನಾನು ಮತ್ತೆ ಕೂತು ನೋಡಿದೆ. ಆಕೆ ಹೇಳಿದ್ದೇ ಸರಿ.

“ಸಣ್ಣ ಡಾಕ್ಟ್ರಮ್ಮ ಹೇಳಿದ್ದೇ ಇರ್ಲಿ ಬಿಡ್ರಿ ಸಾಹೇಬ್ರೇ,” ಎಂದ ಕುರಿಗಾಹಿ. “ಅವ್ರ ಕಾಯ್ಲೆಗೆ ಮಾತ್ರೆ ಕಮ್ಮಿ ಐತೆ.”

ಪಟ್ಟಿ ಕಟ್ಟಿ, ಕೆಲಕಾಲ ಕತ್ತರಿ ಮುಟ್ಟಬೇಡವೆಂದು ಅವನನ್ನು ಕಳಿಸಿದೆವು. ಪರೀಕ್ಷೆಗೆಂದೇ ಹಾಗೆ ಹೇಳಿದಿರಾ ಎಂದು ಆಕೆ ಕೇಳಿದರು. ಅಲ್ಲ, ನನಗೆ ಹಾಗೇ ಕಂಡಿತ್ತು ಎಂದೆ. ಆ ಕೋಣೆಯಲ್ಲಿ ನನ್ನನ್ನು ತಿದ್ದಬಲ್ಲವರು ಸಿಕ್ಕಿದ್ದು ಅದೇ ಮೊದಲು. ಇನ್ನು ಅವರನ್ನು ಇಟ್ಟುಕೊಳ್ಳಲು ನನ್ನಲ್ಲಿ ಕಾರಣ ಉಳಿಯಲಿಲ್ಲ. ಊಟಕ್ಕೆ ಮುಂಚೆಯೇ ಬರೆದು ಸಹಿ ಹಾಕಿದೆ.

ಆಕೆ ಮಧ್ಯಾಹ್ನದ ಗಾಡಿಯಲ್ಲಿ ಚಿಕ್ಕಜಾಜೂರಿಗೆ ಹೋಗಿ, ಅಲ್ಲಿ ಹುಬ್ಬಳ್ಳಿ ರೈಲು ಹಿಡಿಯಬೇಕಿತ್ತು. ಸ್ಟೇಷನ್ನಿಗೆ ನಾನು ಹೋಗಲಿಲ್ಲ. ಆ ಹೊತ್ತು ವಾರ್ಡಿನದು.

ಹಿರಿಯೂರಿನ ಒಬ್ಬ ಅಜ್ಜಿಯ ಮೊಣಕಾಲಲ್ಲಿ ನೀರು ತುಂಬಿದೆಯೇ ಎಂದು ನೋಡುವುದು ಅಂದಿನ ಕೊನೆಯ ಕೆಲಸ. ಒತ್ತಿದೆ, ಇಲ್ಲವೆನಿಸಿತು, ಚೀಟಿಯಲ್ಲಿ ಹಾಗೇ ಬರೆದೆ. ಕೇಳಿ ನೋಡಲು ಇನ್ನೊಬ್ಬರಿರಲಿಲ್ಲ. ಮಂಚ ಸುತ್ತಿ, ಆ ವೈದ್ಯೆ ನಿಲ್ಲುತ್ತಿದ್ದ ಬದಿಗೆ ಹೋಗಿ, ನಾನೇ ಮತ್ತೆ ಮೊದಲಿನಿಂದ ಒತ್ತಿದೆ. ಸ್ವಲ್ಪ ನೀರಿತ್ತು. ಚೀಟಿಯಲ್ಲಿ ತಿದ್ದಿ ಬರೆದು ಕೈ ತೊಳೆದುಕೊಂಡೆ.