ಚಾಚಾನ ಅಳತೆಯ ಬೆಂಚು

ಕಮಲಾಪುರದ ನಮ್ಮ ಕೊಟ್ಟಿಗೆಯಲ್ಲಿ ನಾನು ಹೊಸದಾಗಿ ಮಾಡಿದ್ದ ಬಡಗಿ ಬೆಂಚಿನ ಮುಂದೆ ಕಲಬುರಗಿಯ ಮೋಮಿನಪುರ ಓಣಿಯ ಚಾಚಾ ಎಡಗಾಲೆಳೆಯುತ್ತ ಬಂದು ನಿಂತರು. ನಿಜಾಮ ಸರಕಾರದ ಕಚೇರಿಗಳಿಗೆ ಬಾಗಿಲು ಮಾಡಿ ಹೆಸರಾದ ಬಡಗಿ ಅವರು. ಕೈ ನಡುಗತೊಡಗಿದ ಮೇಲೆ ಗರಗಸ, ಉಳಿ, ಉಜ್ಜುಗೊರಡುಗಳನ್ನೆಲ್ಲ ನನಗೆ ಕೊಡಲು ಒಪ್ಪಿದ್ದರು. ಆದರೆ ಅವು ಇನ್ನು ಇರಬೇಕಾದ ಜಾಗ ನೋಡದೆ ಕೊಡುವುದಿಲ್ಲವೆಂದು, ಅವುಗಳ ಪೆಟ್ಟಿಗೆಗೆ ಬೀಗ ಜಡಿದು, ಅದನ್ನು ಬಂಡಿಯಲ್ಲಿ ಹೇರಿಕೊಂಡು ತಾವೇ ಬಂದಿದ್ದರು.

ಬೆಂಚಿನ ಮೇಲೆ ಎರಡೂ ಅಂಗೈ ಊರಿದರು. ಅಳೆದು ಹೊಲಿಸಿದ ಅಂಗಿಯಂತೆ ಅದು ಅವರಿಗೆ ಹೊಂದಿತು. ಹೊಂದದೇ ಇರುತ್ತದೆಯೇ? ಅವರ ಅಂಗಡಿಯ ಬೆಂಚನ್ನು ನಾನು ಕದ್ದುಮುಚ್ಚಿ ದಾರದಲ್ಲಿ ಅಳೆದುಕೊಂಡು ಬಂದಿದ್ದೆ. ಅದು ಎಡಕ್ಕೆ ಎರಡು ಬೆರಳು ತಗ್ಗಾಗಿತ್ತು. ಕಸುಬಿನ ಗುಟ್ಟೆಲ್ಲ ಅಲ್ಲೇ ಇದೆಯೆಂದು ನಂಬಿ ಆ ತಗ್ಗನ್ನೂ ಬಿಟ್ಟಿರಲಿಲ್ಲ.

"ಈ ತಗ್ಗು ನನ್ನ ಕುಂಟ ಕಾಲಿಗಂತ ಮಾಡಿಕೊಂಡಿದ್ದದ, ಬೇಟಾ. ನಿನ್ನ ಕಾಲು ಎರಡೂ ಛಲೋ ಅವ," ಎಂದರು. ನಗಲಿಲ್ಲ.

ಇನ್ನು ಪೆಟ್ಟಿಗೆ ಬಂದ ದಾರಿಯಲ್ಲೇ ಹೋಗುತ್ತದೆ ಎಂದುಕೊಂಡೆ. ಚಾಚಾ ನನ್ನನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ನನ್ನ ಇಳಿಬಿಟ್ಟ ಮುಷ್ಟಿಯವರೆಗೆ ಕೋಲು ಹಿಡಿದು ಅಳೆದರು. ಬೆಂಚಿನ ನಾಲ್ಕೂ ಕಾಲುಗಳಿಗೆ ಗುರುತು ಹಾಕಿದರು. ಆಮೇಲೆ ಬೀಗ ತೆಗೆದು ಗರಗಸವನ್ನು ನನ್ನ ಕೈಗಿಟ್ಟು, "ಮೊದಲ ಇದರ ಕಾಲು ಕೊಯ್ಯಿ," ಎಂದರು.

ಅಂದು ಕೊಯ್ದ ನಾಲ್ಕು ತುಂಡುಗಳು ಇಂದಿಗೂ ಕಿಟಕಿಯಲ್ಲಿವೆ. ಎರಡು ಗಿಡ್ಡ, ಎರಡು ಉದ್ದ. ನನ್ನ ಬೆಂಚಿನ ಅಳತೆ ಕೇಳಿಕೊಂಡು ಬಂದವರಿಗೆ, ಮೊದಲು ನೆಟ್ಟಗೆ ನಿಂತುಕೊಳ್ಳಿ ಎನ್ನುತ್ತೇನೆ.