ಬರ್ನ್ಲಿಯ ತುಟಿಮಾತು

ಬಟ್ಟೆ ಒಣಗಿಸುವ ಮೆಷೀನಿನ ಜಾಲರಿಯಿಂದ ನೂಲಿನ ಧೂಳು ತೆಗೆಯುವಾಗ ಒಂದು ಬೆಚ್ಚನೆಯ ವಾಸನೆ ಬರುತ್ತದೆ. ಮೊನ್ನೆ ಫೋನಿನಲ್ಲಿ ಸುದ್ದಿ ಕೇಳಿದ ಮೇಲೆ ಆ ಧೂಳನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದೆ. ಮೇಲಿನ ಮನೆಯ ಅಕ್ಕ ಹೋದರಂತೆ...

ಎಂಬತ್ತರ ದಶಕದಲ್ಲಿ ನಾವು ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಕ್ಕ ಹಾಸನದವರು. ಅಮೆರಿಕಕ್ಕೆ ಬರುವ ಮೊದಲು ಇಂಗ್ಲೆಂಡಿನ ಉತ್ತರದ ಬರ್ನ್ಲಿ ಎಂಬ ಊರಿನಲ್ಲಿ, ಹತ್ತಿ ಗಿರಣಿಯ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಕಾಣದ ಆ ಊರು ಪರಿಚಯವಾದದ್ದು ಎಲ್ಲ ಮನೆಯವರೂ ಬಟ್ಟೆ ಒಗೆಯುವ ನಮ್ಮ ಲಾಂಡ್ರಿ ಕೋಣೆಯಲ್ಲಿ. ಮನೆಗಳ ಸೂರಿಗಿಂತ ಎತ್ತರದಲ್ಲಿ ಕಾಲುವೆ, ಸಾಲು ಚಿಮಣಿಗಳು, ಬೇಸಿಗೆಯಲ್ಲಿ ಗಿರಣಿಗಳೆಲ್ಲ ಒಟ್ಟಿಗೆ ರಜೆ ಕೊಟ್ಟಾಗ ಹೊಗೆ ಕರಗಿ ಕಾಣುವ ಗುಡ್ಡ... "ಆ ವಾರ ಮಾತ್ರ ಊರಲ್ಲಿ ಗುಡ್ಡ ಇದೆ ಅಂತ ಗೊತ್ತಾಗ್ತಿತ್ತು ಕಣೇ," ಎನ್ನುತ್ತಿದ್ದರು.

ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸದೆ ಅಲ್ಲಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರಂತೆ. ವಾಷಿಂಗ್ ಮೆಷೀನುಗಳ ಗದ್ದಲದಲ್ಲಿ ಅಕ್ಕ ಅದನ್ನು ನನಗೆ ಕಲಿಸಿದರು. ಅಪ್ಪ ತೀರಿಕೊಂಡ ಮೇಲೆ ಮಂಡ್ಯದಿಂದ ನಮ್ಮ ಜೊತೆ ಇರಲು ಬಂದ ಅಮ್ಮನಿಗೂ ಕಲಿಸಿದರು. "ಅಯ್ಯೋ, ಹಾಗಲ್ಲಮ್ಮಾ, ಹಲ್ಲಿನ ಡಾಕ್ಟ್ರ ಹತ್ರ ಬಂದಿದೀರಾ ಏನು?" ಎಂದು ಅಕ್ಕ ಛೇಡಿಸಿದರೆ ಅಮ್ಮ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ಹೋದ ನಂತರ ಅವಳು ನಕ್ಕದ್ದು ಆ ಕೋಣೆಯಲ್ಲೇ.

ನಮ್ಮದು ಒಂದೇ ಬೆಡ್‌ರೂಮಿನ ಮನೆ. ಗಂಡ ಹೆಂಡತಿ ನಾವಿಬ್ಬರು, ಮಗು, ಜೊತೆಗೆ ಅಮ್ಮ ಎಂದರೆ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಒಪ್ಪುವಂತಿರಲಿಲ್ಲ. ಅಮ್ಮ ನೆಂಟಳಾಗಿ ಬಂದಿಲ್ಲ, ಇಲ್ಲೇ ಇರುತ್ತಾಳೆ ಎಂದು ಅಕ್ಕನಿಗೊಬ್ಬರಿಗೇ ಹೇಳಿದ್ದೆ. ಒಂದು ಮಧ್ಯಾಹ್ನ ಬಟ್ಟೆಯ ಬುಟ್ಟಿ ಹಿಡಿದು ಹೋದಾಗ, ಲಾಂಡ್ರಿ ಕೋಣೆಯ ಗಾಜಿನಾಚೆ ಅಕ್ಕ ಅದೇ ಮ್ಯಾನೇಜರ್ ಜೊತೆ ಮಾತಾಡುತ್ತಿದ್ದರು. ಒಂದು ಮಾತೂ ಕೇಳಿಸಲಿಲ್ಲ. ಆದರೆ ಅವರ ತುಟಿಯಲ್ಲಿ 'ಮದರ್' ಎಂದದ್ದು ಕಂಡಿತು. ಆಮೇಲೆ 'ಪರ್ಮನೆಂಟ್'...

ಆ ವಾರವೇ ಮನೆ ಬಿಡಲು ನೋಟೀಸು ಬಂತು. ದೊಡ್ಡ ಮನೆಯ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಮ್ಮನನ್ನು ಮಂಡ್ಯಕ್ಕೆ, ಅಣ್ಣನ ಮನೆಗೆ ಕಳಿಸಬೇಕಾಯಿತು. ನಾವು ಖಾಲಿ ಮಾಡಿದ ಮನೆಗೆ ಅಕ್ಕನ ತಮ್ಮನ ಸಂಸಾರ ಬಂತು.

ಅಮ್ಮನಿಗೆ ನಾನು ಇದೊಂದನ್ನೂ ಹೇಳಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವಳು ಗಾಜಿನ ಬಾಗಿಲಿನ ಆಚೆ ಹೋಗಿ ತಿರುಗಿ ನಿಂತು, ಕಲಿತ ಹಾಗೆಯೇ ಒಂದೊಂದೇ ಮಾತು ಬಿಡಿಸಿ ತುಟಿಯಲ್ಲಿ ಹೇಳಿದಳು: "ಮೇಲಿನ ಮನೆ ಅಕ್ಕನ್ನ ಕೇಳ್ದೆ ಅಂತ ಹೇಳು."

ಮತ್ತೆ ಅವಳನ್ನು ನೋಡಲಾಗಲಿಲ್ಲ. ಮುಂದಿನ ವರ್ಷ ಅಣ್ಣನ ಮನೆಯಲ್ಲೇ ತೀರಿಕೊಂಡಳು.

ಮೊನ್ನೆ ಫೋನ್ ಮಾಡಿದವರು, ಅಕ್ಕನ ಮುಖ ನೋಡಲು ಬರುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಅಮ್ಮ ಹೇಳಿ ಕಳಿಸಿದ ಮಾತು ನನ್ನ ಬಳಿಯೇ ಉಳಿಯಿತು.