ಹಕ್ಕಿ ಬೇಡ, ಇಟ್ಟು ಕೊಡಿ

ಸ್ಥಳೀಯ ಆಹಾರ ಮತ್ತು ಬೇಸಾಯದ ನೀತಿಗಳ ಬಗ್ಗೆ ವಿದ್ಯಾರ್ಥಿಗಳಿಗೆ ‘ವಕಾಲತ್ತು ತರಬೇತಿ’ ಕೊಡತಕ್ಕದ್ದು ಎಂದು ನಮ್ಮ ಮಂಡ್ಯದ ಕಾಲೇಜಿಗೆ ಒಂದು ಸುತ್ತೋಲೆ ಬಂತು. ಇಂಗ್ಲಿಷಿನ ‘ಅಡ್ವೊಕಸಿ’ಯನ್ನು ಹೀಗೆ ಕನ್ನಡಕ್ಕೆ ತಂದ ಪುಣ್ಯಾತ್ಮ ಯಾರೋ ಕಾಣೆ. ಪ್ರಾಂಶುಪಾಲರು ಪೂರ್ತಿ ಓದದೆಯೇ ಅದನ್ನು ಕನ್ನಡ ಮೇಡಂ ಆದ ನನ್ನ ತಲೆಗೆ ಕಟ್ಟಿದರು. ಮೊದಲ ದಿನವೇ ಒಬ್ಬ ಹುಡುಗ ಎರವಲು ತಂದ ಕರಿ ಕೋಟು ಹಾಕಿಕೊಂಡು ಬಂದ. ವಕೀಲರಾಗುವುದಲ್ಲ ಕಣಪ್ಪಾ, ನಮ್ಮ ಊಟ ಹೇಗಿರಬೇಕೆಂದು ಅಧಿಕಾರಿಗಳ ಮುಂದೆ ಮಾತಾಡುವುದು ಎಂದೆ. “ಅಷ್ಟೇನಾ?” ಎಂದು ಕೋಟು ಬಿಚ್ಚಿ ಮಡಿಸಿಕೊಂಡು ಹೊರಟೇ ಹೋದ.

ಉಳಿದವರಲ್ಲಿ ಒಬ್ಬಳಿಗೆ ಮಾತ್ರ ಇದು ಆಟವಾಗಿರಲಿಲ್ಲ. ಮಳವಳ್ಳಿಯಾಚೆಯ ಹಳ್ಳಿಯ ಹುಡುಗಿ, ಕಾಲೇಜಿನ ಪಕ್ಕದ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಮೂರು ಹೊತ್ತೂ ಅನ್ನ. ಮಧ್ಯಾಹ್ನ ತಟ್ಟೆ ತುಂಬ ಉಂಡರೂ ನನ್ನ ಕೊನೆಯ ತರಗತಿಯ ಹೊತ್ತಿಗೆ ಅವಳ ಹೊಟ್ಟೆ ಗುರುಗುಟ್ಟುವುದು ನನಗೇ ಕೇಳುತ್ತಿತ್ತು. ಹಾಜರಿ ಕೂಗಿ ಮುಗಿಸುವುದರೊಳಗೆ ಹಿಂಬಾಗಿಲಿನಿಂದ ಬೋಂಡಾ ಅಂಗಡಿಗೆ ಪರಾರಿ. ಒಮ್ಮೆ ಹಿಡಿದು ಬೈದೆ.

“ರಾಗಿ ತಿಂದು ಬೆಳ್ದಿರೋ ಮೈ ಮಿಸ್, ಅನ್ನ ಒಟ್ಟೇಲಿ ನಿಲ್ಲಾಕಿಲ್ಲ. ಇಂಗೇ ಆದ್ರೆ ಆಸ್ಟೆಲ್ ಬುಟ್ಟು ಊರಿಂದ್ಲೇ ಬಸ್ನಲ್ಲಿ ಓಡಾಡ್ತೀನಿ.”

ಆ ಬಸ್ಸುಗಳ ಗತಿ ನನಗೆ ಗೊತ್ತು. ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಕಾಲೇಜು ಮುಗಿದಿರುತ್ತದೆ. ಕೆಲವೇ ದಿನಕ್ಕೆ ಮನೆಯವರು “ಓದಿದ್ದು ಸಾಕು ಬುಡು” ಅನ್ನುತ್ತಾರೆ. ಹಾಗೆ ಹೋದವರು ಯಾರೂ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ನನಗೆ ನಿಜವಾಗಿ ಭಯವಾಯಿತು.

ಹೀಗೆ ನಮ್ಮ ವಕಾಲತ್ತು ಯಾವುದೆಂದು ಗೊತ್ತಾಯಿತು: ಹಾಸ್ಟೆಲಿಗೆ ನಮ್ಮ ಜಿಲ್ಲೆಯ ರೈತರಿಂದಲೇ ರಾಗಿ ಕೊಳ್ಳಬೇಕು, ದಿನಕ್ಕೊಂದು ಹೊತ್ತು ಮುದ್ದೆ ಹಾಕಬೇಕು. ಮಂಡ್ಯದಲ್ಲಿ ಕೂತು ಮುದ್ದೆಗೆ ಅಂಗಲಾಚುವುದೆಂದರೆ! ನಮ್ಮಜ್ಜಿ ಬದುಕಿದ್ದರೆ ಮುದ್ದೆ ಕೋಲು ಹಿಡಿದೇ ಬರುತ್ತಿದ್ದಳು.

ತೊಡಕು ಬಂದದ್ದು ಹಕಾರದಿಂದ. ನಮ್ಮ ಸೀಮೆಯ ಬಾಯಲ್ಲಿ ಹ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ನಾನೂ ಬಸರಾಳು ಕಡೆಯವಳೇ, ಸಂಬಳಕ್ಕಾಗಿ ಹ ಕಲಿತವಳು. ಹಾಸ್ಟೆಲ್ ಊಟದ ಸಮಿತಿಯ ಅಧಿಕಾರಿ ಕರಾವಳಿಯವರು, ಅಚ್ಚು ಹಾಕಿದಂತೆ ಮಾತಾಡುವವರು ಎಂದು ತಿಳಿದ ಮೇಲೆ ಮಕ್ಕಳಿಗೂ ವಾರವಿಡೀ ಹ ಹೇಳಿಸಿದೆ. ‘ಅಕ್ಕು’ ಅಲ್ಲ, ‘ಹಕ್ಕು’. ‘ಒಟ್ಟೆ’ ಅಲ್ಲ, ‘ಹೊಟ್ಟೆ’. ಈ ಹುಡುಗಿ ಎಷ್ಟು ಶ್ರದ್ಧೆಯಿಂದ ಕಲಿತಳೆಂದರೆ, ಬೇಕಾದಲ್ಲಿ ಬೇಡವಾದಲ್ಲಿ ಎಲ್ಲ ಕಡೆ ಹ ಉದುರಿಸತೊಡಗಿದಳು.

ಸಮಿತಿಯ ಮುಂದೆ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: “ಮಾನ್ಯರೇ, ನಮಗೆ ಮೂರು ಹೊತ್ತೂ ಹಕ್ಕಿ ಬೇಡ!”

ಅಧಿಕಾರಿ ಕನ್ನಡಕ ತೆಗೆದರು. “ಹಕ್ಕಿಯೇ? ಹಾಸ್ಟೆಲಿನಲ್ಲಿ ಹಕ್ಕಿಯನ್ನು ಬೇಯಿಸುತ್ತಿರುವವರು ಯಾರು?”

“ನಾನಲ್ಲ ಸಾರ್,” ಎಂದರು ವಾರ್ಡನ್. ಕೋಣೆಯೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ, ತಡೆಯಲಾಗಲಿಲ್ಲ. ಅವಳ ಮುಖ ಕೆಂಪಾಯಿತು, ಕಲಿತ ಹಕಾರವೆಲ್ಲ ಅಲ್ಲೇ ಉದುರಿಹೋಯಿತು.

“ಅಕ್ಕಿ ಸಾ, ಅಕ್ಕಿ! ನಗ್ಬ್ಯಾಡಿ. ನಮ್ಮೂರ ರಾಗಿ ಲಾರಿ ಅತ್ಕಂಡು ಬೆಂಗ್ಳೂರ್ಗೆ ಓಯ್ತದೆ. ಯಾವ್ದೋ ಸೀಮೆ ಅಕ್ಕಿ ಲಾರಿ ಅತ್ಕಂಡು ನಮ್ ಆಸ್ಟೆಲ್ಗೆ ಬತ್ತದೆ. ಎಲ್ಡೂ ಮದ್ದೂರ್ ತಾವ ಎದ್ರುಬದ್ರಾಗಿ ಆರನ್ ಒಡ್ಕಂಡು ಓಯ್ತವೆ. ಆರನ್ ಕೇಳುದ್ರೆ ಒಟ್ಟೆ ತುಂಬ್ತದಾ? ನಮ್ಮಪ್ಪ ಬೆಳ್ದಿರೋ ರಾಗಿನೇ ನಂಗಿಕ್ಕಿ. ದಿನಕ್ಕೊಂದೊತ್ತು ಇಟ್ಟು ಕೊಡಿ, ಸಾಕು.”

ನಗು ನಿಂತಿತು. ಅಧಿಕಾರಿ ಒಳ್ಳೆಯ ಮನುಷ್ಯ, ಮಾತು ತಾಗಿತ್ತು. “ಇಟ್ಟು ಎಂದರೇನು?” ಎಂದು ಕೇಳಿದರು. ಪಕ್ಕದಲ್ಲಿದ್ದ ಗುಮಾಸ್ತರು ಮದ್ದೂರಿನವರು. ಸಾಹೇಬರ ಮುಂದೆ ಊರಿನ ಮಾನ ಉಳಿಸಬೇಕಲ್ಲ, “ಹಿಟ್ಟು ಸಾರ್, ರಾಗಿ ಹಿಟ್ಟು” ಎಂದು ತಿದ್ದಿದರು. ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆಯೇ. ಕರಾವಳಿಯವರಿಗೆ ಹಿಟ್ಟು ಎಂದರೆ ಬರೀ ಹಿಟ್ಟು, ಗಿರಣಿಯಲ್ಲಿ ಬೀಸಿಸಿದ ಪುಡಿ. ಆದೇಶ ಹೊರಟಿತು: ದಿನಕ್ಕೊಂದು ಹೊತ್ತು ಸ್ಥಳೀಯ ರಾಗಿ ಹಿಟ್ಟು. ಗೆದ್ದೆವೆಂದು ನಾನು ಎಲ್ಲರಿಗೂ ಮದ್ದೂರು ವಡೆ ಹಂಚಿದೆ.

ಮುಂದಿನ ವಾರ ಹಾಸ್ಟೆಲಿನಲ್ಲಿ ಎಂದಿನಂತೆ ಅನ್ನವೇ ಬಂತು. ಜೊತೆಗೆ ಲೋಟದಲ್ಲಿ ಬಿಸಿನೀರು, ಅದರಲ್ಲಿ ಒಂದು ಚಮಚ ರಾಗಿ ಹಿಟ್ಟು. ಅಡುಗೆಯವನು ನಮ್ಮೂರವನೇ, ಅರ್ಥ ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಅಷ್ಟು ಜನಕ್ಕೆ ಮುದ್ದೆ ತಿರುವುವುದೆಂದರೆ ರಟ್ಟೆ ಬಿದ್ದುಹೋಗುತ್ತದೆ. “ಆರ್ಡರ್ನಲ್ಲಿ ಹಿಟ್ಟು ಅಂತೈತೆ ಕಣಮ್ಮ, ಮುದ್ದೆ ಅಂತ ಎಲ್ಲೈತೆ ತೋರ್ಸು?” ಎಂದ, ಕೇಳಲು ಹೋದ ಹುಡುಗಿಗೆ. ಹುಟ್ಟಿದ ಮೇಲೆ ಮೊದಲ ಸಲ ಅವನ ಬಾಯಲ್ಲಿ ಹಕಾರ ಬಂದದ್ದು ಆಗಲೇ ಇರಬೇಕು.

ಹುಡುಗಿ ಟ್ರಂಕು ಕಟ್ಟಿದಳು. ಮಳವಳ್ಳಿ ಬಸ್ಸಿನ ಹತ್ತಿರ ನಾನು ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡು ನಿಂತೆ. ಇನ್ನೊಂದು ಸಲ ನೋಡೋಣ ಬಾರೇ ಎಂದೆ. ಕಂಡಕ್ಟರು ಬೈಯುತ್ತಿದ್ದ. ಅವಳು ನನ್ನನ್ನು ದುರುಗುಟ್ಟಿ ನೋಡಿ, ಟ್ರಂಕು ನನ್ನ ಕೈಗೇ ಬಿಟ್ಟು, ಎದುರಿನ ಮೆಸ್ಸಿಗೆ ನುಗ್ಗಿದಳು. ಡಬ್ಬಿಯಲ್ಲಿ ಬಿಸಿ ಮುದ್ದೆ, ಬಸ್ಸಾರು ಹಾಕಿಸಿಕೊಂಡು ನೇರ ಅಧಿಕಾರಿಯ ಕೋಣೆಗೆ ನಡೆದಳು. ಟ್ರಂಕು ಹೊತ್ತುಕೊಂಡು ಹಿಂದೆ ನಾನು.

“ಇದು ಇಟ್ಟು ಸಾ. ಉಣ್ಣಿ,” ಎಂದು ಮೇಜಿನ ಮೇಲೆ ಡಬ್ಬಿ ಇಟ್ಟಳು.

ಅವರು ಮರ್ಯಾದೆಗೆ ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ದವಡೆ ಅಂಟಿಕೊಂಡಿತು.

“ಅಗೀಬ್ಯಾಡಿ ಸಾ, ನುಂಗಿ!”

ನುಂಗಿದರು. ಕಣ್ಣಲ್ಲಿ ನೀರು ಬಂತು. ಸಾರಿನ ಖಾರವೂ ಇತ್ತೆನ್ನಿ. ಸ್ವಲ್ಪ ಸುಧಾರಿಸಿಕೊಂಡು ಆದೇಶ ತರಿಸಿ ‘ಹಿಟ್ಟು’ ಹೊಡೆದುಹಾಕಿ ‘ಮುದ್ದೆ’ ಎಂದು ಬರೆದರು. ಹಕಾರದ ಹಂಗಿಲ್ಲದ ಪದ. ಆಮೇಲೆ ಉಳಿದ ಮುದ್ದೆಯನ್ನು ಒಂದೊಂದೇ ತುತ್ತು ನುಂಗಿ ಮುಗಿಸಿದರು.

ಹಾಸ್ಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಮುದ್ದೆ ಬಂದ ದಿನ ನನ್ನ ಕೊನೆಯ ತರಗತಿಯಲ್ಲಿ ಹಾಜರಿ ಕೂಗಿ ತಲೆಯೆತ್ತಿದೆ. ಅವಳು ಓಡಿಹೋಗಿರಲಿಲ್ಲ. ಮುಂದಿನ ಬೆಂಚಿನಲ್ಲಿ, ಪುಸ್ತಕದ ಮೇಲೆ ಕೆನ್ನೆ ಇಟ್ಟು, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಇಷ್ಟೆಲ್ಲ ಒದ್ದಾಡಿ ನಾನು ಗೆದ್ದದ್ದು ಇದನ್ನೇ. ಅವಳ ಪಕ್ಕದವಳು ಎಬ್ಬಿಸಲು ಮೊಣಕೈ ಎತ್ತಿದಳು. ಬೇಡವೆಂದು ಕೈಸನ್ನೆ ಮಾಡಿ, ದನಿ ತಗ್ಗಿಸಿ ಪಾಠ ಶುರುಮಾಡಿದೆ.